ಸುತ್ತು ಮೇಷ್ಟ್ರ ಕೈ

ನನ್ನ ಭಾವ, ಅಂದರೆ ಅಕ್ಕನ ಗಂಡ, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಊರಿಗೆಲ್ಲ ಅವರು ಸುತ್ತು ಮೇಷ್ಟ್ರು. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಗೆದು, ಕಪ್ಪಾದ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿ ಸುತ್ತಿ ಅದನ್ನು ಮತ್ತೆ ಓಡಿಸುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದರು. ಒಂಬತ್ತು ವರ್ಷದಿಂದ ಮಾಡುತ್ತಿಲ್ಲ. ಯಾಕೆಂದು ಅವರ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, "ಪಾಪ, ಅವರ ಕೈ ಸೋತುಹೋಯ್ತು" ಅನ್ನುತ್ತಾರೆ. ಅದು ಸುಳ್ಳು. ಆ ಸುಳ್ಳಿಗೆ ನೀರೆರೆದು ಬೆಳೆಸಿದವನು ನಾನು. ಅವರ ಬಗ್ಗೆ ಬರೆಯಬೇಕೆಂದು ಕೂತು ಮೂರು ದಿನವಾಯಿತು. ಮೊದಲೆರಡು ದಿನ ಬರೀ ಹೊಗಳಿಕೆ ಬರೆದು ಹರಿದು ಹಾಕಿದೆ. ಹೊಗಳಿ ಕೈ ತೊಳೆದುಕೊಳ್ಳುವುದು ಸುಲಭ, ಅದಕ್ಕೇ ಹರಿದೆ.

ಅವರ ಅಂಗಡಿ ಒಂದು ಗಾಡಿ ನಿಲ್ಲಿಸುವಷ್ಟು ಅಗಲ. ಬಾಗಿಲಲ್ಲೇ ವಾರ್ನಿಶ್ ಡಬ್ಬಿ, ಗೋಡೆಯ ಮೊಳೆಗಳಿಗೆ ನೇತುಹಾಕಿದ, ತಂತಿ ಸುತ್ತುವ ಮರದ ಅಚ್ಚುಗಳು, ಮೂಲೆಯಲ್ಲಿ ಸುತ್ತಿದ ಮೋಟಾರು ಒಣಗಿಸುವ ತಗಡಿನ ಪೆಟ್ಟಿಗೆ. ವಾರ್ನಿಶ್ ವಾಸನೆ ಅವರ ಅಂಗಿ ಬಿಟ್ಟು ಹೋಗುತ್ತಲೇ ಇರಲಿಲ್ಲ. "ನಿಮ್ಮನ್ನ ಕಳ್ಳರು ಹೊತ್ಕೊಂಡು ಹೋದ್ರೂ ಮೂಗು ಮುಚ್ಕೊಂಡು ವಾಪಸ್ ತಂದು ಬಿಟ್ಟು ಹೋಗ್ತಾರೆ" ಎಂದು ಅಕ್ಕ ರೇಗಿಸುತ್ತಿದ್ದಳು. ಭಾವ ಅಂಗಿಯ ತೋಳು ಮೂಸಿ ನೋಡಿಕೊಂಡು, "ಇವತ್ತಿಂದು ಒಳ್ಳೇ ಕಂಪನಿ ವಾರ್ನಿಶ್ಶು ಕಣೇ" ಅನ್ನುತ್ತಿದ್ದರು.

ತಂತಿ ಸುತ್ತುವಾಗ ಮಾತ್ರ ಅವರ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ತುಟಿಯಲ್ಲೇ ಸುತ್ತು ಎಣಿಸುತ್ತಿದ್ದರು. ಗಿರಾಕಿ ಬಂದರೆ ಎಡಗೈ ಎತ್ತಿ ಬೆಂಚು ತೋರಿಸುವುದು, ಅಷ್ಟೇ. ಒಮ್ಮೆ ನಾನು ಗೊತ್ತಿಲ್ಲದೆ ಏನೋ ಕೇಳಿಬಿಟ್ಟೆ. ಅರವತ್ತರ ಮೇಲೆ ಸುತ್ತಾಗಿತ್ತು. ಭಾವ ಬೈಯಲಿಲ್ಲ, ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದರು.

"ಲೆಕ್ಕ ತಪ್ಪಿತಾ ಭಾವ?" ಎಂದೆ, ಅಳು ಬರುವಂತಾಗಿ.

"ತಪ್ಪಿಲ್ಲ ಅನ್ಸುತ್ತೆ" ಎಂದರು. "ಅನ್ಸುತ್ತೆ ಅನ್ನೋದನ್ನ ಮೋಟಾರಿನ ಒಳಗೆ ಇಟ್ಟು ಮುಚ್ಚೋಕಾಗಲ್ಲ ನೋಡು."

ಸುತ್ತು ಮುಗಿದ ಮೇಲೆ ತಂತಿಯ ಕಟ್ಟುಗಳನ್ನು ಬಿಳಿ ಹತ್ತಿ ದಾರದಲ್ಲಿ ಬಿಗಿಯುತ್ತಿದ್ದರು. ಕೊನೆಯ ಗಂಟು ಅವರದೇ ರೀತಿ. ಎರಡು ಸುತ್ತು ಹಾಕಿ, ದಾರದ ತುದಿಯನ್ನು ಹಿಂದಕ್ಕೆ ತೂರಿಸಿ ಎಳೆದು, ಉಳಿದ ತುದಿಯನ್ನು ಕತ್ತರಿಸದೆ ಒಳಗೇ ಮಡಚಿಡುವರು. ಬೇರೆಯವರು ಕತ್ತರಿಸಿ ಬಿಸಾಡುತ್ತಾರೆ. "ಕತ್ತರಿಸಿದ ತುದಿ ಬಿಚ್ಕೊಳ್ಳೋಕೆ ದಾರಿ ಹುಡುಕ್ತಾ ಇರುತ್ತೆ" ಎನ್ನುವುದು ಅವರ ವಾದ. ಆ ಗಂಟು ಕಂಡರೆ ಇದು ಮೇಷ್ಟ್ರ ಕೆಲಸ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ನಾನು ಈ ಮನೆಗೆ ಬಂದದ್ದು ಅಕ್ಕನ ಮದುವೆಯ ಪೆಟ್ಟಿಗೆಯ ಜೊತೆ. ಅಮ್ಮ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಮದುವೆ ಮಾತು ಬಂದಾಗ ಅವಳು ಹಾಕಿದ್ದು ಒಂದೇ ಷರತ್ತು, ತಮ್ಮನೂ ಬರುತ್ತಾನೆ. ಭಾವ ಒಪ್ಪಿದರು. ಒಪ್ಪಿದ್ದನ್ನು ಒಂದು ದಿನವೂ ಆಡಿ ತೋರಿಸಲಿಲ್ಲ. ಟೆಸ್ಟರ್ ಹಿಡಿಯುವುದರಿಂದ ಹಿಡಿದು ಎಲ್ಲ ಅವರಿಂದಲೇ ಕಲಿತೆ. ಆದರೆ ಕೂತು ತಂತಿ ಸುತ್ತುವ ತಾಳ್ಮೆ ನನಗೆಲ್ಲಿಂದ ಬರಬೇಕು? ನಾನು ಕಬ್ಬಿಣದ ಕಪಾಟಿನೊಳಗೆ ಸ್ವಿಚ್ಚು, ವೈರು ಜೋಡಿಸುವ ಪ್ಯಾನೆಲ್ ವೈರಿಂಗ್ ಕಡೆ ಹೋದೆ. ಅಷ್ಟರಲ್ಲಿ ಡ್ರೈವ್‌ಗಳು ಬಂದವು. ಮೋಟಾರಿಗೆ ಹೋಗುವ ಕರೆಂಟನ್ನು ಬೇಕಾದ ಹಾಗೆ ಹದ ಮಾಡಿ, ಅದನ್ನು ನಿಧಾನವಾಗಿ, ಜೋರಾಗಿ, ಹಿಂದಕ್ಕೆ, ಮುಂದಕ್ಕೆ ಓಡಿಸುವ ಪೆಟ್ಟಿಗೆ. ಅದರ ಗುಂಡಿಗಳನ್ನು ಒತ್ತಲು ಬರುತ್ತಿದ್ದವರು ನಮ್ಮ ಕಡೆ ನಾಲ್ಕೇ ಜನ, ಅವರಲ್ಲಿ ನಾನೊಬ್ಬ. ನನಗೆ ಕೊಂಬು ಬಂತು. ಭಾವನ ಅಂಗಡಿಯ ಬೆಂಚಿನ ಮೇಲೆ ಕೂತು, "ಇನ್ಮೇಲೆ ಮೋಟಾರು ಸುಡೋದೇ ಇಲ್ಲ ಭಾವ, ನಿಮ್ಮ ಅಂಗಡಿ ಮುಚ್ಚಬೇಕಾಗುತ್ತೆ" ಎಂದು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಈಗ ಆ ತಮಾಷೆ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿ ಇತ್ತು. ಅಲ್ಲಿನ ದೊಡ್ಡ ಡ್ರಮ್ಮಿಗೆ ಡ್ರೈವ್ ಹಾಕುವ ಕೆಲಸ ನನಗೆ ಬಂತು. ಒಗೆಯುವಾಗ ಡ್ರಮ್ಮು ಗಂಟೆಗಟ್ಟಲೆ ನಿಧಾನವಾಗಿ ಆಚೀಚೆ ಹೊರಳಬೇಕು, ಹಿಂಡುವಾಗ ಜೋರಾಗಿ ತಿರುಗಬೇಕು. ಡ್ರೈವಿನ ಕರೆಂಟು ಹಳೆಯ ವೈಂಡಿಂಗಿಗೆ, ಅಂದರೆ ತಂತಿಯ ಸುತ್ತಿಗೆ, ಒಗ್ಗುವುದಿಲ್ಲವೆಂದು ಮೋಟಾರನ್ನು ಮೊದಲೇ ಭಾವನಿಗೆ ಕೊಟ್ಟು ಹೊಸದಾಗಿ ಸುತ್ತಿಸಿದೆವು. ಅವರು ತಂತಿಗೂ ಕಬ್ಬಿಣಕ್ಕೂ ನಡುವೆ ಕಾಗದ ಎರಡು ಪದರ ಹಾಕಿ, ವಾರ್ನಿಶ್ ಎರಡು ಸಲ ಕುಡಿಸಿ, ಸುತ್ತುಗಳ ನಡುವೆ ಮೂರು ಸಣ್ಣ ಮಣಿಗಳನ್ನು ಹುದುಗಿಸಿಟ್ಟರು. ಥರ್ಮಿಸ್ಟರ್ ಅನ್ನುತ್ತಾರೆ ಅದಕ್ಕೆ, ಬಿಸಿ ಮಿತಿ ದಾಟಿದರೆ ಸುದ್ದಿ ಕೊಡುವಂಥದ್ದು. ಭಾವ ಅದನ್ನು ಕಾವಲುಗಾರ ಎಂದು ಕರೆಯುತ್ತಿದ್ದರು. ಮಣಿಗಳಿಂದ ಎರಡು ಸಣ್ಣ ವೈರು ಹೊರಗೆ ತಂದು, ಬಿಳಿ ದಾರದ ಗಂಟು ಹಾಕಿ ನನ್ನ ಕೈಗೆ ಕೊಟ್ಟರು.

"ನಿನ್ನ ಪೆಟ್ಟಿಗೆ ಕರೆಂಟು ನೋಡುತ್ತೆ, ಬಿಸಿ ನೋಡಲ್ಲ" ಎಂದರು. "ಮೋಟಾರಿನ ಫ್ಯಾನು ಇರೋದು ಅದರ ಬಾಲದಲ್ಲಿ. ಮೋಟಾರು ನಿಧಾನ ಆದ್ರೆ ಫ್ಯಾನೂ ನಿಧಾನ, ಗಾಳಿ ಸಾಲಲ್ಲ. ಅದರ ಮೇಲೆ ಅಲ್ಲಿ ಬಟ್ಟೆಯ ನೂಲಧೂಳು ಬೇರೆ, ಫ್ಯಾನಿನ ಬಾಯಿಗೆ ಮೆತ್ಕೊಳ್ಳುತ್ತೆ. ಕರೆಂಟು ಸರಿಯಾಗೇ ಇರುತ್ತೆ, ಒಳಗೆ ಬೇಯ್ತಾ ಇರುತ್ತೆ. ಇದನ್ನ ಮರೀದೆ ಪೆಟ್ಟಿಗೆಗೆ ಸೇರಿಸು."

"ಗೊತ್ತು ಭಾವ, ನಾನೇನು ಹೊಸಬನಾ?" ಎಂದೆ.

ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಆ ಸಣ್ಣ ವೈರುಗಳನ್ನು ಮೋಟಾರಿನ ದಪ್ಪ ಕೇಬಲ್ ಹೋಗುವ ಪೈಪಿನಲ್ಲೇ ತೂರಿಸಿದೆ. ಡ್ರೈವಿನಿಂದ ಬರುವ ಕರೆಂಟಿನಲ್ಲಿ ಒಂದು ಕಿರಿಕಿರಿ ಇರುತ್ತದೆ, ಪಕ್ಕದಲ್ಲಿ ಸಣ್ಣ ವೈರು ಸಿಕ್ಕರೆ ಅದರೊಳಗೂ ಹೊಕ್ಕುಬಿಡುತ್ತದೆ. ಸಣ್ಣ ವೈರಿಗೆ ಮೇಲೆ ಜಾಲರಿ ಹೊದಿಸಿದ ಕೇಬಲ್ ಬೇಕು, ಬೇರೆ ಪೈಪು ಬೇಕು, ದಪ್ಪ ಕೇಬಲ್ಲಿನಿಂದ ದೂರ ಇರಬೇಕು. ಅದಕ್ಕೆ ಗೋಡೆಗೆ ಏಣಿ ಹಾಕಿ ಅರ್ಧ ದಿನ ಕೆಲಸ. ನನಗೆ ಅರ್ಧ ದಿನ ದೊಡ್ಡದಾಗಿ ಕಂಡಿತು.

ಓಡಿಸುವ ದಿನ ಡ್ರಮ್ಮು ಎರಡು ನಿಮಿಷ ಹೊರಳಿ ನಿಂತಿತು. ಡ್ರೈವಿನ ಪರದೆಯ ಮೇಲೆ ಮೋಟಾರು ಬಿಸಿ ಎಂದು ಬಂತು. ಮೋಟಾರು ಮುಟ್ಟಿ ನೋಡಿದರೆ ತಣ್ಣಗಿದೆ. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಆರು ಸಲ ಹಾಗಾಯಿತು. ಹಿಂದೆ ಮಾಲೀಕರು ನಿಂತಿದ್ದರು, ಅವರ ಹಿಂದೆ ಆಳೆತ್ತರಕ್ಕೆ ಕೊಳೆ ಬಟ್ಟೆಯ ರಾಶಿ.

"ಏನ್ರೀ, ಹಳೇ ಮೋಟಾರೇ ವಾಸಿ ಇತ್ತಲ್ಲ" ಎಂದರು.

ನನಗೆ ಕಿವಿ ಕೆಂಪಾಯಿತು. ಒಂದು ದಿನ ಕೊಡಿ, ನಾನು ವೈರು ತಪ್ಪು ದಾರಿಯಲ್ಲಿ ಎಳೆದಿದ್ದೇನೆ ಅನ್ನಬೇಕಿತ್ತು. ಅಷ್ಟು ಹೇಳಲು ನಾಲಿಗೆ ಹೊರಳಲಿಲ್ಲ. ಚೀಲದಿಂದ ಒಂದು ತುಂಡು ಕೆಂಪು ವೈರು ತೆಗೆದು, ಎರಡೂ ತುದಿ ಸುಲಿದು, ಕಾವಲುಗಾರನಿಗೆ ಮೀಸಲಾದ ಎರಡು ತಿರುಪುಗಳ ನಡುವೆ ಬಿಗಿದೆ. ಕಾವಲುಗಾರ ಸುಮ್ಮನಿದ್ದಾನೆ, ಎಲ್ಲ ಸರಿಯಿದೆ ಎಂದು ಡ್ರೈವ್ ನಂಬಿತು. ಮಣಿಯ ವೈರುಗಳಿಗೆ ಟೇಪು ಸುತ್ತಿ ಮೋಟಾರಿನ ಡಬ್ಬಿಯೊಳಗೆ ತುರುಕಿದೆ. ಡ್ರಮ್ಮು ಓಡಿತು. ಮಾಲೀಕರು ಬೆನ್ನು ತಟ್ಟಿದರು. ನಾಳೆ ಬಂದು ಸರಿ ಮಾಡಿದರಾಯಿತು ಎಂದುಕೊಂಡೆ. ನಾಳೆ ಇನ್ನೊಂದು ಕಡೆ ಕೆಲಸವಿತ್ತು, ನಾಳಿದ್ದು ಮರೆತೆ, ಆಮೇಲೆ ಮರೆತವನ ಹಾಗೆ ಇದ್ದೆ.

ನಾಲ್ಕು ತಿಂಗಳಿಗೆ ಮೋಟಾರು ಸುಟ್ಟಿತು. ಭಾವ ಮತ್ತೆ ಸುತ್ತಿಕೊಟ್ಟರು, ಮತ್ತೆ ಮೂರು ಮಣಿ, ಮತ್ತೆ ಬಿಳಿ ದಾರದ ಗಂಟು. ನಾನೇ ಹೋಗಿ ಕೂರಿಸಿದೆ. ಆಗಲಾದರೂ ಸರಿ ಮಾಡಬಹುದಿತ್ತು. ಪ್ಯಾನೆಲ್ ಬಾಗಿಲು ತೆರೆದೆ, ಕೆಂಪು ತುಂಡನ್ನು ನೋಡಿದೆ. ಈಗ ತೆಗೆದರೆ ಆವತ್ತು ಹಾಕಿದ್ದು ಯಾರು ಎಂಬ ಮಾತು ಬರುತ್ತದೆ ಎನಿಸಿ ಬಾಗಿಲು ಮುಚ್ಚಿದೆ. ಎರಡು ತಿಂಗಳಿಗೆ ಇನ್ನೊಮ್ಮೆ ಸುಟ್ಟಿತು. ಮೂರನೆಯ ಸಲ ಸುಟ್ಟಾಗ ಮಾಲೀಕರು ಮೋಟಾರನ್ನು ಅಂಗಡಿಗೆ ಕಳಿಸಲಿಲ್ಲ, ಭಾವನನ್ನೇ ಲಾಂಡ್ರಿಗೆ ಕರೆಸಿದರು.

ಅಂಗಳದಲ್ಲಿ, ಕೆಲಸದವರೆಲ್ಲ ನೋಡುತ್ತಿದ್ದ ಹಾಗೆ, ಭಾವ ಮೋಟಾರಿನ ಮುಚ್ಚಳ ಬಿಚ್ಚಿದರು. ನಾನು ಪಕ್ಕದಲ್ಲಿ ಟಾರ್ಚು ಹಿಡಿದಿದ್ದೆ. ಒಳಗೆ ಸುತ್ತಲೂ ಒಂದೇ ಸಮ ಕಪ್ಪಾಗಿತ್ತು. ವೈಂಡಿಂಗಿನಲ್ಲಿ ತಪ್ಪಿದ್ದರೆ ಒಂದು ಕಡೆ ಸಿಡಿದಿರುತ್ತದೆ, ಉಳಿದದ್ದು ಕೆಂಪಗಿರುತ್ತದೆ. ಇದು ಹಾಗಲ್ಲ, ಒಲೆಯ ಮೇಲೆ ಮರೆತ ಪಾತ್ರೆಯ ತಳದ ಹಾಗೆ ಸಮನಾಗಿ ಸೀದಿತ್ತು. ಇದನ್ನು ನನಗೆ ಕಲಿಸಿದವರೂ ಅವರೇ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು, ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು.

"ಆ ಎರಡು ಸಣ್ಣ ವೈರು ಪೆಟ್ಟಿಗೆಗೆ ಸೇರಿಸಿದ್ದೀಯಲ್ಲ?" ಎಂದು ಮೆಲ್ಲಗೆ ಕೇಳಿದರು.

ಅದೇ ವಾರ ಒಂದು ಕಾಗದದ ಕಾರ್ಖಾನೆಯ ಹನ್ನೆರಡು ಡ್ರೈವ್‌ಗಳ ಕೆಲಸ ನನಗೆ ಬರುವುದರಲ್ಲಿತ್ತು. ನನ್ನ ಪರವಾಗಿ ಅಲ್ಲಿ ಮಾತಾಡಿದ್ದವರು ಇದೇ ಲಾಂಡ್ರಿ ಮಾಲೀಕರು.

"ಸೇರಿಸಿದ್ದೀನಿ ಭಾವ" ಎಂದೆ.

ಅವರು ನನ್ನ ಮುಖ ನೋಡಿದರು. "ಸರಿ ಹಾಗಾದ್ರೆ" ಎಂದರು.

ಮಾಲೀಕರು ಬಂದರು. "ಮೂರು ಸಲ ಆಯ್ತು ಮೇಷ್ಟ್ರೇ. ವಯಸ್ಸಾಯ್ತು, ನಿಮ್ಮ ಕೈ ಸೋತಿದೆ, ಒಪ್ಕೊಂಡುಬಿಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ, ನಿಮ್ಮ ಡ್ರೈವಿಂದ ಏನಾದ್ರೂ ತೊಂದರೆ ಇದೆಯಾ?"

"ಡ್ರೈವ್ ಸರಿಯಾಗಿದೆ" ಎಂದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಡ್ರೈವ್ ಸರಿಯಾಗೇ ಇತ್ತು. ಸರಿಯಿಲ್ಲದವನು ನಾನು.

ಭಾವ ಸ್ಪ್ಯಾನರುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡರು. ಕೆಲಸದವರಲ್ಲಿ ಯಾರೋ ನಕ್ಕರು. ನಾನು ಟಾರ್ಚು ಆರಿಸಲು ಮರೆತು, ಹಗಲಿನಲ್ಲಿ ಅದನ್ನು ಉರಿಸಿಕೊಂಡೇ ನಿಂತಿದ್ದೆ.

ಮೋಟಾರು ಊರಿನ ಆ ಕಡೆಯ ಇನ್ನೊಬ್ಬ ವೈಂಡಿಂಗಿನವನ ಹತ್ತಿರ ಹೋಯಿತು. ಹಳೆಯದರಲ್ಲಿ ಏನಿತ್ತೋ ಅದನ್ನೇ ನೋಡಿ ಹಾಕುವುದು ಈ ಕಸುಬಿನವರ ಪದ್ಧತಿ, ಹಾಗಾಗಿ ಅವನೂ ಮೂರು ಮಣಿ ಇಟ್ಟು ಸುತ್ತಿದನಂತೆ. ಅದನ್ನು ಕೂರಿಸಲು ಮಾಲೀಕರು ಕರೆದಾಗ ಜ್ವರವೆಂದು ಹೇಳಿ ಕಳಿಸಿದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿಯ ಕೆಲಸದವನೇ ಮೂರು ದಪ್ಪ ವೈರು ಸೇರಿಸಿ ಓಡಿಸಿದ. ನಾನು ಕಾಗದದ ಕಾರ್ಖಾನೆಗೆ ಹೋದೆ.

ಆ ಮೋಟಾರು ಮತ್ತೆ ಸುಡಲೇ ಇಲ್ಲ. ನೋಡಿದಿರಾ, ಬೇರೆಯವನು ಸುತ್ತಿದ್ದು ಓಡುತ್ತಿದೆ ಎಂದು ಜನ ಆಡಿಕೊಂಡರು. ನನಗೂ ಅದು ಬೇಕಾದ ಮಾತೇ ಆಯಿತು. ಕೆಂಪು ತುಂಡು ಅಲ್ಲೇ ಇದೆ, ಮೋಟಾರು ಓಡುತ್ತಿದೆ, ಅಂದರೆ ತಪ್ಪು ನನ್ನದಾಗಿರಲಿಕ್ಕಿಲ್ಲ, ಭಾವನ ಕೈ ನಿಜವಾಗಿಯೂ ಸೋತಿರಬೇಕು. ಹೀಗೆ ನನಗೆ ನಾನೇ ಜೋಗುಳ ಹಾಡಿಕೊಂಡು ಒಂಬತ್ತು ವರ್ಷ ನಿದ್ದೆ ಮಾಡಿದೆ. ಆದರೂ ಆ ಲಾಂಡ್ರಿಯ ಬೀದಿಯಲ್ಲಿ ಹೋಗಬೇಕಾದಾಗ ಸುತ್ತು ಬಳಸಿ ಹೋಗುತ್ತಿದ್ದೆ.

ಮೊದಲು ಹಿಟ್ಟಿನ ಗಿರಣಿಯವರು ಭಾವನ ಅಂಗಡಿಗೆ ಬರುವುದು ಬಿಟ್ಟರು, ಆಮೇಲೆ ಪಂಪಿನವರು. ಬೆಂಚು ಖಾಲಿಯಾಯಿತು. ಬಾಗಿಲು ಹಾಕಿದ ದಿನ ಮರದ ಅಚ್ಚುಗಳನ್ನೆಲ್ಲ ಅಕ್ಕನೇ ಒಲೆಗೆ ಹಾಕಿದಳು. ಸಿಟ್ಟಿನಿಂದಲ್ಲ, ಕಣ್ಣಿಗೆ ಬಿದ್ದರೆ ಅವರಿಗೆ ನೋವಾಗುತ್ತದೆ ಎಂದು. ಅವಳಿಗೆ ಗಂಡನ ಕೈಯ ಚಿಂತೆ ಹತ್ತಿಕೊಂಡಿತ್ತು. ಕಣ್ಣಿನ ಡಾಕ್ಟರು, ನರದ ಡಾಕ್ಟರು ಎಂದು ಸುತ್ತಿಸಿದಳು. ಡಾಕ್ಟರುಗಳು ಏನೂ ಇಲ್ಲ ಎಂದರೂ ನಂಬಲಿಲ್ಲ. ಒಂದೊಂದು ದಿನ ಸೂಜಿ, ದಾರ ಅವರ ಕೈಗೆ ಕೊಟ್ಟು, "ಪೋಣಿಸಿ ನೋಡೋಣ" ಅನ್ನುವಳು. ತಲೆಗೂದಲಿನಷ್ಟು ತೆಳು ತಂತಿಯನ್ನು ಒಂದರ ಪಕ್ಕ ಒಂದು ಕೂರಿಸಿದ ಮನುಷ್ಯ ಮಗುವಿನ ಹಾಗೆ ಸೂಜಿ ಪೋಣಿಸಿ ತೋರಿಸುತ್ತಿದ್ದರು. "ಇವತ್ತು ಪರವಾಗಿಲ್ಲ" ಎಂದು ಅಕ್ಕ ಸೂಜಿ ವಾಪಸು ತೆಗೆದುಕೊಳ್ಳುವಳು. ಮನೆಯ ಫ್ಯೂಸು ಹೋದರೂ ಅವರನ್ನು ಮುಟ್ಟಲು ಬಿಡದೆ ನನಗೆ ಹೇಳಿ ಕಳಿಸುತ್ತಿದ್ದಳು. ಚಹಾ ಕೊಟ್ಟರೆ ಅರ್ಧ ಲೋಟ ಮಾತ್ರ, ತುಂಬಿಸಿದರೆ ಚೆಲ್ಲಿಕೊಂಡಾರು ಎಂದು.

"ಪುಟ್ಟು, ನೀನೂ ನೋಡಿದ್ಯಲ್ಲ, ಅವರ ಕೈ ಸ್ವಲ್ಪ ನಡುಗುತ್ತೆ ಅಲ್ವಾ?" ಎಂದು ಒಮ್ಮೆ ಕೇಳಿದಳು. ನಲವತ್ತರ ಹತ್ತಿರ ಬಂದರೂ ನಾನು ಅವಳಿಗೆ ಪುಟ್ಟು.

"ಸ್ವಲ್ಪ" ಎಂದೆ. ಈ ಬಾಯಿಂದ ಆ ಮಾತೂ ಬಂತು.

ಭಾವ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು, ಬೋಲ್ಟು ಎಣಿಸಿ ಕೊಡುವ ಕೆಲಸಕ್ಕೆ ಸೇರಿಕೊಂಡರು. ಅಲ್ಲೂ ಎಣಿಸುವಾಗ ಮಾತಾಡುತ್ತಿರಲಿಲ್ಲವಂತೆ. ನನ್ನನ್ನು ಕಂಡರೆ ಮೊದಲಿನ ಹಾಗೇ, "ಬಾರಯ್ಯ, ಊಟ ಆಯ್ತಾ?" ಅನ್ನುತ್ತಿದ್ದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೋದ ತಿಂಗಳು ಲಾಂಡ್ರಿಯಿಂದ ಕರೆ ಬಂತು. ಡ್ರೈವ್ ಹಳೆಯದಾಗಿ ಕೆಟ್ಟಿದೆ, ಹೊಸದು ಹಾಕಬೇಕು, ಮೊದಲು ಹಾಕಿದವರು ನೀವೇ ಅಲ್ಲವೇ ಎಂದರು ಮಾಲೀಕರು. ತಪ್ಪಿಸಿಕೊಳ್ಳಲು ನೆವ ಸಿಗಲಿಲ್ಲ. ಹೋದೆ. ಕರೆಂಟು ತೆಗೆಸಿ ಪ್ಯಾನೆಲ್ ಬಾಗಿಲು ತೆರೆದಾಗ ನನ್ನ ಕಣ್ಣು ಹೋದದ್ದು ಆ ಎರಡು ತಿರುಪುಗಳ ಕಡೆಗೆ.

ಕೆಂಪು ತುಂಡು ಇರಲಿಲ್ಲ.

ಅದರ ಜಾಗದಲ್ಲಿ ಜಾಲರಿ ಹೊದಿಸಿದ ಒಂದು ಸಣ್ಣ ಕೇಬಲ್ ಬಂದು ಸೇರಿತ್ತು. ಜಾಲರಿಯನ್ನು ಒಂದೇ ತುದಿಯಲ್ಲಿ, ಎಲ್ಲಿ ಭೂಮಿಯ ತಂತಿಗೆ ಸೇರಿಸಬೇಕೋ ಅಲ್ಲೇ ಸೇರಿಸಲಾಗಿತ್ತು. ಕೇಬಲ್ ಹಿಡಿದು ನೋಡುತ್ತ ಹೋದೆ. ಗೋಡೆಯ ಮೇಲೆ ಬೇರೆಯದೇ ಪೈಪು, ದಪ್ಪ ಕೇಬಲ್ಲಿನಿಂದ ಒಂದು ಮೊಳ ದೂರ, ಮೋಟಾರಿನ ತನಕ ನೂಲು ಹಿಡಿದ ಹಾಗೆ ನೆಟ್ಟಗೆ. ಪ್ಯಾನೆಲ್ಲಿನೊಳಗೆ ಕೇಬಲನ್ನು ಬಿಳಿ ಹತ್ತಿ ದಾರದಲ್ಲಿ ಕಟ್ಟಲಾಗಿತ್ತು. ದಾರದ ತುದಿ ಕತ್ತರಿಸಿರಲಿಲ್ಲ, ಒಳಗೇ ಮಡಚಿಟ್ಟಿತ್ತು.

ಅಲ್ಲೇ ಒಂದು ಬಟ್ಟೆಯ ಮೂಟೆಯ ಮೇಲೆ ಕೂತೆ. ಡ್ರಮ್ಮು ನೋಡಿಕೊಳ್ಳುವ ಹೆಂಗಸು, ಇಪ್ಪತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುವಾಕೆ, ನೀರು ತಂದುಕೊಟ್ಟಳು.

"ಈ ಪೈಪು ಯಾರು ಹಾಕಿದ್ದು?" ಎಂದು ಕೇಳಿದೆ.

"ನಿಮ್ಮ ಭಾವ. ಯಾಕೆ, ನೀವೇ ಕಳಿಸಿದ್ರಿ ಅಂದ್ರಲ್ಲ" ಎಂದಳು. "ಆ ಇನ್ನೊಬ್ಬರು ಸುತ್ತಿದ ಮೋಟಾರು ಬಂತಲ್ಲ, ಅದರ ಮಾರನೇ ಭಾನುವಾರ. ನಾನೊಬ್ಬಳೇ ಇದ್ದೆ. ಹೆಗಲ ಮೇಲೆ ಪೈಪು ಹೊತ್ಕೊಂಡು ಬಂದ್ರು. ನಮ್ಮ ಭಾಮೈದನಿಗೆ ಪುರುಸೊತ್ತಿಲ್ಲ, ಒಂದು ಕೆಲಸ ಉಳಿಸಿದಾನೆ, ಮುಗಿಸಿ ಬನ್ನಿ ಅಂದ ಅಂತ ಹೇಳಿದ್ರು. ಮಧ್ಯಾಹ್ನದ ತನಕ ಮಾಡಿದ್ರು. ನೀರೂ ಕುಡೀಲಿಲ್ಲ."

"ಮತ್ತೇನಾದ್ರೂ ಹೇಳಿದ್ರಾ?"

"ಪರದೆ ಮೇಲೆ ಬಿಸಿ ಅಂತ ಬಂದು ಡ್ರಮ್ಮು ನಿಂತ್ರೆ ಗಾಬರಿ ಆಗಬೇಡ, ಫ್ಯಾನಿನ ಬಾಯಿಗೆ ಧೂಳು ಕಟ್ಟಿರುತ್ತೆ, ಬ್ರಷ್ಷಲ್ಲಿ ಉಜ್ಜಿ ತೆಗಿ, ಆರಿದ ಮೇಲೆ ಓಡಿಸು ಅಂದ್ರು. ಅವತ್ತಿಂದ ಹಾಗೇ ಮಾಡ್ತಿದ್ದೀನಿ. ವರ್ಷಕ್ಕೆ ಐದಾರು ಸಲ ನಿಲ್ಲುತ್ತೆ." ಮೊಳೆಗೆ ನೇತುಹಾಕಿದ್ದ ಬ್ರಷ್ಷನ್ನು ತೋರಿಸಿದಳು. ಅದರ ಕೂದಲು ಸವೆದು ಅರ್ಧವಾಗಿತ್ತು.

ಹಾಗಾದರೆ ಒಂಬತ್ತು ವರ್ಷ ಆ ಮೋಟಾರನ್ನು ಉಳಿಸಿದ್ದು ಭಾವ. ಹೆಸರು ಬಂದದ್ದು ಇನ್ನೊಬ್ಬನಿಗೆ. ಮೋಟಾರು ಸುಡದೆ ಓಡಿದಷ್ಟು ದಿನವೂ ತಮ್ಮ ಹೆಸರೇ ಕೆಡುತ್ತದೆಂದು ಗೊತ್ತಿದ್ದೂ ಅದನ್ನು ಸುಡಲು ಬಿಡಲಿಲ್ಲ. ಆ ಕೆಂಪು ತುಂಡನ್ನು ತಿರುಪಿನಿಂದ ಬಿಚ್ಚುವಾಗ ಅವರು ನನ್ನ ಬಗ್ಗೆ ಏನಂದುಕೊಂಡರೋ! ನೀರಿನ ತೊಟ್ಟಿಯ ಹತ್ತಿರ ಅವರು ನನ್ನ ಮುಖ ನೋಡಿದ್ದು ನೆನಪಾಗಿ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹೊಸ ಡ್ರೈವ್ ಹಾಕಿ ಮುಗಿಸಿ ಮಾಲೀಕರ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಆವತ್ತು ಕಾವಲು ತಪ್ಪಿಸಿದವನು ನಾನು, ಮೇಷ್ಟ್ರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದೆ. ಅವರು ಫೋನಿನಿಂದ ತಲೆ ಎತ್ತಿ, "ಯಾವ ಮೇಷ್ಟ್ರು?" ಎಂದರು. ನೆನಪು ಮಾಡಿಕೊಟ್ಟೆ. "ಓ, ಅವರಾ. ಬಿಡಿ, ಹಳೇ ಕಥೆ. ಈಗ ಯಾರು ಕೇಳ್ತಾರೆ?" ಎಂದು ಮತ್ತೆ ಫೋನು ನೋಡತೊಡಗಿದರು. ಒಂದು ಬದುಕನ್ನು ಕೆಡಿಸಿದ ಮಾತು ಆಡಿದವರಿಗೇ ಮರೆತುಹೋಗಿತ್ತು.

ನೇರ ಅಕ್ಕನ ಮನೆಗೆ ಹೋದೆ. ಸಂಜೆ ಐದರ ಹೊತ್ತು. ಭಾವ ಹೊರಬಾಗಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಒಳಗೆ ಅಕ್ಕ ಚಹಾಕ್ಕೆ ನೀರಿಟ್ಟ ಸದ್ದು ಕೇಳುತ್ತಿತ್ತು.

"ಬಾರಯ್ಯ. ಎಲ್ಲಿಂದ?"

"ಲಾಂಡ್ರಿಯಿಂದ ಭಾವ. ಡ್ರೈವ್ ಬದಲಾಯಿಸೋದಿತ್ತು."

ಅವರ ಬೆರಳುಗಳು ಒಂದು ಕ್ಷಣ ನಿಂತು ಮತ್ತೆ ಸುಲಿಯತೊಡಗಿದವು. ಒಂದು ಕಾಯಿ ಮುಗಿಸಿ, ಸಿಪ್ಪೆ ಪಕ್ಕಕ್ಕಿಟ್ಟು, "ಪೈಪು ಇನ್ನೂ ಗಟ್ಟಿಯಾಗಿದೆಯಾ?" ಎಂದು ಕೇಳಿದರು.

"ಗಟ್ಟಿಯಾಗಿದೆ ಭಾವ" ಎನ್ನುವಷ್ಟರಲ್ಲಿ ನನಗೆ ಅಳು ಒತ್ತಿಕೊಂಡು ಬಂತು. ಅವರ ಕಾಲ ಬಳಿ ಕೆಳಗಿನ ಮೆಟ್ಟಿಲ ಮೇಲೆ ಕೂತೆ. "ನಾಚಿಕೆಯಾಗ್ತಿದೆ ಭಾವ. ನಿಮ್ಮ ಮುಖ ನೋಡೋಕಾಗ್ತಿಲ್ಲ. ಯಾಕೆ ಯಾರಿಗೂ ಹೇಳಲಿಲ್ಲ?"

"ಏನು ಹೇಳ್ಲಿ? ನಾನು ಕೇಳಿದಾಗ ನೀನು ಸೇರಿಸಿದ್ದೀನಿ ಅಂದೆ. ಪೆಟ್ಟಿಗೆ ತೆಗೆದು ನೋಡಿದ ಮೇಲೆ, ನೀನೇ ಬಂದು ಹೇಳ್ತೀಯ ಅಂತ ಇದ್ದೆ. ಒಂದು ವರ್ಷ ಕಾದೆ. ಆಮೇಲೆ ಕಾಯೋದು ಬಿಟ್ಟೆ, ಅಷ್ಟೆ."

"ಅಕ್ಕನಿಗಾದ್ರೂ ಹೇಳಬಹುದಿತ್ತಲ್ಲ."

ಭಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಎಂಟು ವರ್ಷದವನನ್ನ ಸೊಂಟಕ್ಕೆ ಕಟ್ಕೊಂಡು ಬಂದೋಳು ಅವಳು. ಗಂಡನ ಕೈ ಹೋಯ್ತು ಅನ್ನೋದನ್ನ ತಡ್ಕೊಂಡ್ಲು. ಪುಟ್ಟು ಹೀಗೆ ಮಾಡಿದ ಅಂತ ನಾನು ಹೇಗೆ ಹೇಳ್ಲಿ?" ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ಆದ್ರೆ ನೀನು ಹೇಳಬಹುದು" ಎಂದರು. "ನನ್ನ ಹತ್ರ ಅತ್ತು ಏನು ಬಂತು? ನನಗೆ ಗೊತ್ತಿರೋದೇ. ಸೂಜಿ ಪೋಣಿಸಿ ಪೋಣಿಸಿ ನನಗೂ ಸಾಕಾಗಿದೆ."

ಒಂಬತ್ತು ವರ್ಷದಲ್ಲಿ ಅವರಿಗೆ ನೋವಾಗಿದೆ ಎಂದು ಅವರೇ ಹೇಳಿದ್ದು ಅದೊಂದೇ ಸಲ.

ಅಕ್ಕ ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದಳು. ಎರಡು ತುಂಬಿದ್ದವು, ಒಂದು ಅರ್ಧ. "ಇದೇನೋ ಪುಟ್ಟು, ಕಣ್ಣೆಲ್ಲ ಕೆಂಪಗಿದೆ? ಜ್ವರಾನಾ?" ಎಂದಳು.

ಮತ್ತೆ ಜ್ವರ ಅಂದಿದ್ದರೆ ಅವಳು ಅದನ್ನೂ ನಂಬುತ್ತಿದ್ದಳು. ನಾನು ಎದ್ದು ನಿಂತು ಹೇಳಿದೆ. ಕೆಂಪು ತುಂಡು ಹಾಕಿದ್ದು, ಮೂರು ಸಲವೂ ನೋಡಿ ಸುಮ್ಮನಿದ್ದದ್ದು, ಭಾವ ಕೇಳಿದಾಗ ಸುಳ್ಳಾಡಿದ್ದು, ಕೈ ನಡುಗುತ್ತದಾ ಎಂದು ಅವಳು ಕೇಳಿದಾಗ ಸ್ವಲ್ಪ ಎಂದದ್ದು, ಭಾವ ಪೈಪು ಹೊತ್ತುಕೊಂಡು ಹೋಗಿ ನನ್ನ ಕೆಲಸ ಸರಿ ಮಾಡಿದ್ದು. ಒಂದನ್ನೂ ಮೆತ್ತಗೆ ಮಾಡದೆ ಹೇಳಿದೆ. "ಅವರ ಕೈಗೆ ಏನೂ ಆಗಿಲ್ಲ ಅಕ್ಕ. ಯಾವತ್ತೂ ಏನೂ ಆಗಿರಲಿಲ್ಲ."

ಅಕ್ಕ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಗಂಡನ ಮುಖ ನೋಡಿದಳು. ಅವರು ಬಟಾಣಿಯ ಬುಟ್ಟಿ ನೋಡುತ್ತಿದ್ದರು.

"ಎಷ್ಟು ದೊಡ್ಡದಿತ್ತು ಆ ವೈರು?" ಎಂದು ಕೇಳಿದಳು.

ನಾನು ಹೆಬ್ಬೆರಳು, ತೋರುಬೆರಳು ಹಿಡಿದು ತೋರಿಸಿದೆ. ಎರಡು ಇಂಚೂ ಇರಲಿಲ್ಲ. ಅವಳು ನನ್ನ ಬೆರಳುಗಳ ನಡುವಿನ ಆ ಜಾಗವನ್ನು ನೋಡುತ್ತಲೇ ಇದ್ದಳು, ನಾನು ಕೈ ಇಳಿಸುವವರೆಗೂ.

ಆಮೇಲೆ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಅರ್ಧ ಇದ್ದ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಲೋಟ ಅಂಚಿನವರೆಗೂ ತುಂಬಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಭಾವನಿಗೆ ಕೊಟ್ಟು, "ತಗೊಳ್ಳಿ" ಎಂದಳು. ಭಾವ ಒಂದೇ ಕೈಯಲ್ಲಿ ತೆಗೆದುಕೊಂಡು ಕುಡಿದರು. ಅಕ್ಕ ಅವರ ಪಕ್ಕದಲ್ಲಿ ಕೂತು ಬಟಾಣಿ ಸುಲಿಯತೊಡಗಿದಳು. ನನ್ನ ಕಡೆ ನೋಡಲಿಲ್ಲ.